ಅಕ್ಕಿಯಲ್ಲಿ ಬರೆದ ಹೆಸರು

ನನಗೆ ಎರಡು ಹೆಸರುಗಳಿವೆ. ಎರಡನ್ನೂ ಇಲ್ಲಿ ಬರೆಯುವುದಿಲ್ಲ. ಬರೆದು ಬರೆದು ಸಾಕಾಗಿದೆ. ಮೊದಲನೆಯದು ಅಪ್ಪ ತೊಟ್ಟಿಲಲ್ಲಿ ಇಟ್ಟದ್ದು. ಮಾನ್ವಿಯ ಶಾಲೆಯ ಹಾಜರಿ ಪುಸ್ತಕದಿಂದ ಬಿ.ಎಡ್. ಪ್ರಮಾಣಪತ್ರದವರೆಗೆ ನನ್ನ ಜೊತೆ ಬಂದದ್ದು. ಎರಡನೆಯದು ಮದುವೆಯ ದಿನ ಬಂತು. ನಮ್ಮ ವೈಷ್ಣವರ ಮನೆಗಳಲ್ಲಿ ಸೊಸೆಯನ್ನು ಮನೆ ತುಂಬಿಸಿಕೊಂಡ ಮೇಲೆ ತಟ್ಟೆಯಲ್ಲಿ ಅಕ್ಕಿ ಹರಡುತ್ತಾರೆ. ಗಂಡನಾದವನು ಉಂಗುರದಿಂದ ಆ ಅಕ್ಕಿಯ ಮೇಲೆ ಹೆಂಡತಿಗೊಂದು ಹೊಸ ಹೆಸರು ಬರೆಯುತ್ತಾನೆ. ಹೆಸರು ಆರಿಸಿದವರು ಮಾವ. ನನ್ನ ಗಂಡ ತನ್ನ ಅಪ್ಪನ ಮುಖ ನೋಡಿ ನೋಡಿ ಬರೆದ, ಉಕ್ತಲೇಖನ ಬರೆಯುವ ಹುಡುಗನ ಹಾಗೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಶಾಸ್ತ್ರವಲ್ಲವೇ, ನಾಳೆಗೆ ಮುಗಿಯುತ್ತದೆ ಅಂದುಕೊಂಡಿದ್ದೆ.

ಮುಗಿಯಲಿಲ್ಲ. ಮಾವ ನಿವೃತ್ತ ಹೆಡ್‌ಮಾಸ್ತರರು; ಕೈಗೆತ್ತಿಕೊಂಡ ಕೆಲಸ ಅರ್ಧಕ್ಕೆ ಬಿಡುವವರಲ್ಲ. ಎರಡು ತಿಂಗಳೊಳಗೆ ನನ್ನ ಆಧಾರ್ ಕಾರ್ಡಿನಲ್ಲೂ ಮನೆಯ ರೇಷನ್ ಕಾರ್ಡಿನಲ್ಲೂ ಅಕ್ಕಿಯ ಹೆಸರು ಏರಿತು. ಆಮೇಲೆ ದೇವದುರ್ಗದಲ್ಲಿ ಮದುವೆ ನೋಂದಣಿ ಮಾಡಿಸಿದರು. ಕಚೇರಿಯವರು ಆಧಾರ್ ನೋಡಿ ಬರೆದುಕೊಂಡರು, ಅವರ ತಪ್ಪೇನಿಲ್ಲ. ನಾನು ಬೆರಳು ತೋರಿಸಿದ ಕಡೆ ಸಹಿ ಹಾಕಿ ಎದ್ದು ಬಂದೆ, ಓದಿ ನೋಡಲಿಲ್ಲ. ಪರೀಕ್ಷೆಯ ದಿನ ಮಕ್ಕಳಿಗೆ ‘ಪ್ರಶ್ನೆ ಪೂರ್ತಿ ಓದಿ ಉತ್ತರ ಬರೀರಿ’ ಎಂದು ಗಂಟಲು ಹರಿದುಕೊಳ್ಳುವವಳು ನಾನೇ.

ಮದುವೆಯಾಗಿ ನಾಲ್ಕು ವರ್ಷಕ್ಕೆ ಕೊಲ್ಲಿ ದೇಶದ ಒಂದು ಶಾಲೆಯಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿತು. ಪಾಸ್‌ಪೋರ್ಟನ್ನು ಮದುವೆಗೆ ಮುಂಚೆಯೇ ಮಾಡಿಸಿಟ್ಟಿದ್ದೆ, ತವರಿನ ಹೆಸರಿನಲ್ಲಿ. ಪದವಿ ಪತ್ರಗಳೂ ಅದೇ ಹೆಸರಿನವು. ಹಾಗಾಗಿ ಹೋಗುವಾಗ ಯಾವ ತೊಡಕೂ ಆಗಲಿಲ್ಲ. ಗಂಡ ದೇವದುರ್ಗದಲ್ಲೇ ಉಳಿದ. ಅಲ್ಲಿ ಒಂದು ಔಷಧಿ ಅಂಗಡಿಯಲ್ಲಿ ಅವನು ಫಾರ್ಮಸಿಸ್ಟ್. ಎರಡು ವರ್ಷ ನಾವು ಫೋನಿನ ಪರದೆಯಲ್ಲೇ ಸಂಸಾರ ಮಾಡಿದೆವು. ನಾನು ಅಲ್ಲಿ ಅನ್ನಕ್ಕೆ ಇಟ್ಟರೆ ಅವನು ಇಲ್ಲಿಂದ ‘ಉರಿ ಸಣ್ಣ ಮಾಡು’ ಎನ್ನುತ್ತಿದ್ದ. ನಗು ಬರುತ್ತಿತ್ತು, ಫೋನಿಟ್ಟ ಮೇಲೆ ಅಳು ಬರುತ್ತಿತ್ತು.

ಕಳೆದ ಬೇಸಿಗೆ ರಜೆಗೆ ಮುಂಚೆ ಶಾಲೆಯವರು ನನಗೆ ಕುಟುಂಬದ ಮನೆ ಕೊಡುತ್ತೇವೆಂದರು, ಒಂದು ಷರತ್ತಿನ ಮೇಲೆ. ಶಾಲೆ ಮತ್ತೆ ಶುರುವಾಗುವುದರೊಳಗೆ ಗಂಡನ ವೀಸಾಕ್ಕೆ ಬೇಕಾದ ಕಾಗದ ಪೂರ್ತಿ ಕೊಡಬೇಕು. ಇಲ್ಲದಿದ್ದರೆ ಆ ಮನೆ ಸಾಲಿನಲ್ಲಿ ಹಿಂದಿರುವ ಇನ್ನೊಬ್ಬರಿಗೆ. ಅಂದರೆ ನಮಗೆ ಮತ್ತೆ ಫೋನಿನ ಸಂಸಾರ, ಎಷ್ಟು ವರ್ಷವೋ ಗೊತ್ತಿಲ್ಲ. ರಜೆಗೆ ಊರಿಗೆ ಬಂದಾಗ ನನ್ನ ಕೈಯಲ್ಲಿ ಇದ್ದದ್ದು ಆರು ವಾರ.

ರಾಯಚೂರಿನ ತೀನ್ ಕಂದೀಲ್ ಹತ್ತಿರ ಟ್ರಾವೆಲ್ಸ್ ಇಟ್ಟುಕೊಂಡ ಒಬ್ಬ ಹಿರಿಯರಿದ್ದಾರೆ. ಅರ್ಧ ಆಯುಷ್ಯ ಮಂದಿಯನ್ನು ಕೊಲ್ಲಿಗೆ ಕಳಿಸಿದವರು. ನಮ್ಮ ಕಾಗದಗಳನ್ನು ಟೇಬಲ್ಲಿನ ಮೇಲೆ ಹರಡಿಕೊಂಡು, ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು.

‘ಮೇಡಂ, ಈ ಮದುವಿ ಸರ್ಟಿಫಿಕೇಟ್ ಪ್ರಕಾರ ನಿಮ್ಮ ಗಂಡಗ ಬ್ಯಾರೆ ಹೆಂಡ್ತಿ ಅದಾಳ್ರಿ. ಈಕಿ ಯಾರು?’

‘ನಾನೇ ರೀ.’

‘ನಿಮಗ ಗೊತ್ತು, ನನಗ ಗೊತ್ತು. ಕಾಗದಕ್ಕ ಗೊತ್ತಿಲ್ಲಲ್ರೀ.’

ಪಕ್ಕದಲ್ಲಿ ಕೂತ ನನ್ನ ಗಂಡ, ‘ಒಬ್ಬಾಕಿನ್ನ ಸಂಭಾಳಿಸೋದ್ರಾಗೇ ಸಾಕಾಗೇದ ರೀ’ ಅಂದ. ಅವರು ನಕ್ಕರು, ನಾನು ನಗಲಿಲ್ಲ. ಎರಡೂ ಹೆಸರು ಒಬ್ಬಳದೇ ಎಂದು ಬಾಂಡ್ ಪೇಪರಿನಲ್ಲಿ ಬರೆಸಿ ಕಳಿಸಿದ್ದೂ ಆಯಿತು. ದೂತಾವಾಸದವರು ಅದನ್ನು ಒಪ್ಪದೆ ಹಿಂದಕ್ಕೆ ಕಳಿಸಿದರು. ಎರಡು ವಾರ ಅದಕ್ಕೇ ಹೋಯಿತು.

ಉಳಿದದ್ದು ಎರಡೇ ದಾರಿ. ಪಾಸ್‌ಪೋರ್ಟಿನ ಹೆಸರು ಬದಲಿಸುವುದು, ಇಲ್ಲವೇ ಮದುವೆ ಸರ್ಟಿಫಿಕೇಟು ತಿದ್ದಿಸುವುದು. ಕೇಳಿದವರೆಲ್ಲ ಮೊದಲನೆಯದೇ ಸುಲಭ ಅಂದರು. ಸುಲಭವೇ ಇರಬಹುದು. ಆದರೆ ಅಕ್ಕಿಯ ಹೆಸರಿನವಳು ಒಂದು ದಿನವೂ ಶಾಲೆಗೆ ಹೋಗಿಲ್ಲ, ಒಂದು ಲೆಕ್ಕ ಬಿಡಿಸಿಲ್ಲ, ಒಂದು ತಾಸು ಪಾಠ ಮಾಡಿಲ್ಲ. ಓದಿದವಳು ನಾನು, ದುಡಿದವಳು ನಾನು. ಗಂಡನನ್ನು ಕರೆಸಿಕೊಳ್ಳುವ ಹೊತ್ತಿಗೆ ಅವಳು ಬಂದು ಮುಂದೆ ನಿಲ್ಲುವುದೇನು? ಇಲ್ಲ ಅಂದೆ. ಟ್ರಾವೆಲ್ಸಿನ ಹಿರಿಯರೊಬ್ಬರೇ ಸರಿ ಎಂದು ತಲೆಯಾಡಿಸಿದರು.

‘ನಮ್ಮ ಮನಿಯಾಕಿದು ನಿಕಾಹ್‌ನಾಮಾದಾಗ ಅಪ್ಪನ ಮನಿ ಹೆಸರೇ ಅದ. ನಾನೂ ಬದಲ್ ಮಾಡು ಅಂದಿಲ್ಲ, ಆಕಿನೂ ಮಾಡಿಲ್ಲ. ಹಂಗಂತ ಜಗಳಕ್ಕೇನ್ ಕಮ್ಮಿ ಇಲ್ರಿ.’

ಅವತ್ತು ದೇವದುರ್ಗಕ್ಕೆ ಮರಳುವ ಬಸ್ಸು ಕಲ್ಮಲ ದಾಟಿತು. ಗಂಡ ಮೆಲ್ಲಗೆ, ‘ಬರದಾಂವ ನಾನೇ. ತಿದ್ದಸ್ಲಿಕ್ಕೂ ನಾನೇ ಬರ್ತೀನಿ’ ಅಂದ. ಅವನ ಮೇಲಿದ್ದ ಅರ್ಧ ಸಿಟ್ಟು ಅಲ್ಲೇ ಇಳಿಯಿತು. ಇನ್ನರ್ಧ ಇಟ್ಟುಕೊಂಡೆ, ಮುಂದೆ ಬೇಕಾಗಬಹುದೆಂದು.

ಬೇಕಾಯಿತು. ದೇವದುರ್ಗದ ಓಣಿಯಲ್ಲಿ ಸುದ್ದಿ ಹಬ್ಬಲು ಎಷ್ಟು ಹೊತ್ತು? ಎದುರು ಮನೆಯ ಮೌಶಿ ಕಟ್ಟೆಯ ಮೇಲೆ ಕೂತು ನನಗೆ ಕೇಳುವ ಹಾಗೆ, ‘ಹೆಣ್ತಿ ಸೆರಗು ಹಿಡದು ಗಂಡ ಹೋಗೋದಂತ. ಕಾಲ ಕೆಟ್ಟದವಾ’ ಅಂದಳು.

‘ಕಾಲ ಕೆಟ್ಟಿಲ್ಲ ಮೌಶಿ, ವೀಸಾ ಸಿಕ್ಕಿಲ್ಲ ಅಷ್ಟ’ ಅಂದೆ.

ಅದೇ ಮೌಶಿಯ ಮಗಳು ಗಂಡನ ಹಿಂದೆ ಪುಣೆಗೆ ಹೋದಾಗ ಓಣಿಯೆಲ್ಲ ಬುತ್ತಿ ಕಟ್ಟಿಕೊಟ್ಟಿತ್ತು. ಗಂಡನ ಹಿಂದೆ ಹೆಂಡತಿ ಹೋದರೆ ಪುಣ್ಯ, ಹೆಂಡತಿಯ ಹಿಂದೆ ಗಂಡ ಹೋದರೆ ಪಾಪ ಎಂದು ಯಾವ ಪುರಾಣದಲ್ಲಿದೆಯೋ ನನಗೆ ಗೊತ್ತಿಲ್ಲ. ಊರ ಬಾಯಿಗೆ ಮುಚ್ಚಳವಿಲ್ಲ, ಸರಿ. ನನ್ನ ಬಾಯಿಗೂ ಇಲ್ಲ.

ನೋಂದಣಿ ಕಚೇರಿಯಲ್ಲಿ ಗುಮಾಸ್ತರು ಹಳೆಯ ಪುಸ್ತಕ ತೆಗೆದು ತೋರಿಸಿದರು. ಅಲ್ಲಿ ಬರೆದ ಹೆಸರು ಅಕ್ಕಿಯದು. ಆದರೆ ಕೆಳಗೆ ನಾನು ಹಾಕಿದ್ದ ಸಹಿ ತವರಿನ ಹೆಸರಿನದೇ, ಪಾಸ್‌ಪೋರ್ಟಿನಲ್ಲಿ ಇರುವಂಥದ್ದೇ. ಕೈಗೆ ಹೊಸ ಹೆಸರು ಯಾರೂ ಕಲಿಸಿರಲಿಲ್ಲ. ನನಗಿಂತ ನನ್ನ ಕೈ ಜಾಣವಾಗಿತ್ತು ಅಂತ ಅವತ್ತು ಬಹಳ ಸಂತೋಷಪಟ್ಟೆ.

‘ಸಾಹೇಬ್ರು ಒಪ್ಯಾರ್ರೀ. ಎರಡೂ ಹೆಸರು ಹಾಕಿ ನಡಕ ಉರ್ಫ್ ಅಂತ ಬರದು ಕೊಡ್ತೀವಿ’ ಎಂದರು ಗುಮಾಸ್ತರು. ‘ಆದ್ರ ಅವತ್ತು ಸಾಕ್ಷಿ ಸಹಿ ಹಾಕಿದೋರೊಳಗ ಒಬ್ರು ಬಂದು ಹೇಳಿಕಿ ಕೊಡಬೇಕು.’

‘ತವರಿನ ಹೆಸರು ಮುಂದ ಬರಬೇಕ್ರಿ. ಪಾಸ್‌ಪೋರ್ಟಿನೊಳಗ ಅದೇ ಅದ.’

‘ಸಾಕ್ಷಿದೋರು ಹಂಗ ಹೇಳಿದ್ರ ಹಂಗ ಬರೀತೀವ್ರಿ.’

ಸಾಕ್ಷಿ ಹಾಕಿದವರು ಮೂವರು. ಒಬ್ಬರು ತೀರಿಕೊಂಡಿದ್ದರು. ಉಳಿದವರು ಮಾವ, ಅತ್ತೆ. ಅಂದು ಊಟವಾದ ಮೇಲೆ ಮಾವನ ಮುಂದೆ ನಿಂತೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

‘ಪಾಸ್‌ಪೋರ್ಟ್ ಬದಲಿ ಮಾಡಿಸಿದ್ರ ಮುಗೀತಲ್ಲ. ನಾವು ಕೊಟ್ಟ ಹೆಸರು ಹಿಂದ ಹಾಕು ಅಂತ ನಾನೇ ಹೋಗಿ ಬರಸ್ಲೇನು?’

‘ಹೌದ್ರಿ ಮಾವನವರ. ನೀವೇ ಬರಸ್ರಿ.’

‘ಮನಿತನ ಅಂತ ಒಂದದ.’

‘ಅದರೊಳಗ ನಾನೂ ಇದ್ದೀನಿ’ ಅಂದೆ. ಧ್ವನಿ ಏರಿತ್ತು. ಏರಲಿ ಎಂದೇ ಬಿಟ್ಟೆ. ‘ನಿಮ್ಮ ಮಗ ನನ್ನ ಹತ್ರ ಬರ್ಲಿಕತ್ತಾನ. ನಾ ಯಾರು ಅಂತ ಅಲ್ಲಿಯವರಿಗೆ ಗೊತ್ತದ. ಇಲ್ಲೇ ಗೊತ್ತಿಲ್ಲ.’

ಮಾವ ಪೇಪರು ಮಡಚಿ ಒಳಗೆ ಹೋದರು. ಮೈದುನ, ಅವನ ಹೆಂಡತಿ, ಮಕ್ಕಳು ಒಬ್ಬೊಬ್ಬರಾಗಿ ಎದ್ದು ಹೋದರು. ಅತ್ತೆ ಮಾತ್ರ ಪಡಸಾಲೆಯಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದರು. ಆರು ವರ್ಷದಲ್ಲಿ ಅತ್ತೆ ಮಾವನಿಗೆ ಎದುರಾಡಿದ್ದನ್ನು ನಾನು ಕಂಡಿರಲಿಲ್ಲ. ಅವರಿಂದ ಏನನ್ನೂ ನಿರೀಕ್ಷಿಸಲೂ ಇಲ್ಲ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಅತ್ತೆ ಹೊರಗೆ ಹೋಗುವ ಸೀರೆ ಉಟ್ಟು, ಆಧಾರ್ ಕಾರ್ಡನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು. ‘ನಡೀರಿ, ಬಿಸಲು ಏರ್ತದ’ ಅಂದರು. ಮಾವ ಕುರ್ಚಿಯಲ್ಲೇ ಇದ್ದರು. ಅತ್ತೆ ಅವರನ್ನು ಕೇಳಲಿಲ್ಲ, ಹೇಳಲೂ ಇಲ್ಲ.

ಕಚೇರಿಯಲ್ಲಿ ಗುಮಾಸ್ತರು ನನ್ನನ್ನು ತೋರಿಸಿ, ‘ಅಮ್ಮಾರೆ, ಈಕಿ ಯಾರ್ರೀ?’ ಎಂದು ಕೇಳಿದರು.

‘ನನ್ನ ಸೊಸಿ.’

‘ಹೆಸರು?’

ಅತ್ತೆ ನನ್ನ ತವರಿನ ಹೆಸರು ಹೇಳಿದರು. ಅವರ ಬಾಯಲ್ಲಿ ಅದನ್ನು ಕೇಳಿದ್ದು ಅದೇ ಮೊದಲು. ನನಗೆ ಕಣ್ಣು ತುಂಬಿ ಬಂತು, ಮುಚ್ಚಿಡಲು ಹೋಗಲಿಲ್ಲ.

‘ಮತ್ತ ಇಲ್ಲಿರೋ ಹೆಸರು?’

‘ಅದು ಅಕ್ಕಿ ಒಳಗ ಬರದಿದ್ದು. ಆ ಅಕ್ಕಿ ಮರುದಿನ ಪಾಯಸ ಮಾಡಿ ಎಲ್ಲಾರೂ ಉಂಡೀವಿ. ಉಂಡು ಮುಗಿಸಿದ್ದನ್ನ ಎಷ್ಟು ವರ್ಷ ಬಡಸ್ತೀರಿ? ಹಿಂದ ಹಾಕ್ರಿ ಅದನ್ನ.’

ಗುಮಾಸ್ತರು ನಕ್ಕು ಬರೆದುಕೊಂಡರು. ನನ್ನ ಗಂಡನನ್ನು ಆಧಾರ್ ಝೆರಾಕ್ಸ್ ಮಾಡಿಸಿಕೊಂಡು ಬರಲು ಹೊರಗೆ ಕಳಿಸಿದರು. ಹೇಳಿಕೆಯ ಕೆಳಗೆ ಅತ್ತೆಯ ಹೆಸರು ಬರೆದು, ಸಹಿ ಮಾಡಿ ಎಂದು ಮುಂದಕ್ಕೆ ಸರಿಸಿದರು. ಅತ್ತೆ ಪೆನ್ನು ಹಿಡಿದು ಹಾಗೇ ಕೂತರು.

‘ನನಗೂ ಒಂದು ಉರ್ಫ್ ಹಾಕ್ರಿ.’

‘ನಿಮಗ್ಯಾಕ್ರಿ ಅಮ್ಮಾರೆ?’

‘ನಂದೂ ಒಂದು ಹೆಸರು ಇತ್ತು’ ಎಂದು ಅತ್ತೆ ಆ ಹೆಸರು ಹೇಳಿದರು. ‘ಇದನ್ನ ಮುಂದ ಬರೀರಿ.’

ಚೆಂದದ ಹೆಸರು. ಹೊಳೆಯ ಹೆಸರು. ಆ ಮನೆಯಲ್ಲಿ ನಾನು ಅದನ್ನು ಒಮ್ಮೆಯೂ ಕೇಳಿರಲಿಲ್ಲ.

‘ಅದಕ್ಕ ದಾಖಲಿ ಏನರ ಅದ ಏನ್ರೀ? ಶಾಲಿದು?’

‘ನಾಕನೇತ್ತ ತನಕ ಓದೀನಿ. ಆ ಶಾಲಿ ಬಿದ್ದು ಭಾಳ ದಿನ ಆತು.’

‘ತವರಿನೋರು ಯಾರರ ಬಂದು ಹೇಳ್ತಾರೇನು?’

‘ಆ ಹೆಸರು ಹಿಡದು ಕರೆಯೋರು ಈಗ ಯಾರೂ ಉಳದಿಲ್ಲ.’

ಗುಮಾಸ್ತರು ಪಾಪ ಒಳ್ಳೆಯವರು. ‘ಹಂಗಾದ್ರ ಬರೀಲಾಕ ಬರಂಗಿಲ್ರೀ ಅಮ್ಮಾರೆ’ ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಅತ್ತೆ ‘ಇರಲಿ ಬಿಡ್ರಿ’ ಎಂದು ಅವರು ಬರೆದಿದ್ದ ಹೆಸರಿನಲ್ಲೇ ಸಹಿ ಮಾಡಿದರು. ಅಷ್ಟರಲ್ಲಿ ಗಂಡ ಝೆರಾಕ್ಸ್ ಹಿಡಿದು ಬಂದ. ಅತ್ತೆ ಆ ಮಾತು ಮತ್ತೆ ಎತ್ತಲಿಲ್ಲ, ನಾನೂ ಅವನಿಗೆ ಹೇಳಲಿಲ್ಲ. ಆದರೆ ಬಸ್‌ಸ್ಟ್ಯಾಂಡಿನಲ್ಲಿ ಅತ್ತೆಗೆ ಕಬ್ಬಿನ ಹಾಲು ಕೊಡಿಸಿ, ಅವರು ಕುಡಿಯುತ್ತಿದ್ದಾಗ ನನ್ನ ಫೋನು ತೆಗೆದು ಒಂದು ಸಣ್ಣ ಕೆಲಸ ಮಾಡಿದೆ.

ಹೊಸ ಸರ್ಟಿಫಿಕೇಟು ಬೆಂಗಳೂರಿನ ಸೀಲು, ದೆಹಲಿಯ ಸೀಲು, ದೂತಾವಾಸದ ಸೀಲು ಎಲ್ಲ ಹಾಕಿಸಿಕೊಂಡು ರಜೆ ಮುಗಿಯಲು ಮೂರು ದಿನ ಇರುವಾಗ ಬಂತು. ನಾನು ಮರಳಿ ಹೋದೆ, ಕಾಗದ ಶಾಲೆಗೆ ಮುಟ್ಟಿತು. ಎರಡು ತಿಂಗಳಿಗೆ ವೀಸಾ ಬಂತು. ಕರೆಸಿಕೊಳ್ಳುವವರ ಕಾಲಂನಲ್ಲಿ ನನ್ನ ಹೆಸರಿತ್ತು, ಅಪ್ಪ ಇಟ್ಟದ್ದು, ಯಾವ ಬಾಲವೂ ಇಲ್ಲದೆ. ಮಾವ ಮಗನನ್ನು ಕಳಿಸಲು ರಾಯಚೂರು ಸ್ಟೇಷನ್ನಿಗೆ ಬಂದಿದ್ದರಂತೆ. ಮಾತಾಡಲಿಲ್ಲವಂತೆ, ಆದರೆ ಚೀಲ ಹಿಡಿದಿದ್ದರಂತೆ. ಅಷ್ಟು ಸಾಕು.

ಮೊನ್ನೆ ಶುಕ್ರವಾರ, ಇಲ್ಲಿ ರಜೆ. ನಾನು ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ಗಂಡ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ. ಅವನ ಪಕ್ಕದಲ್ಲಿಟ್ಟಿದ್ದ ನನ್ನ ಫೋನು ರಿಂಗಾಯಿತು. ಅವನು ಹಿಟ್ಟಿನ ಕೈಯಲ್ಲೇ ಬಗ್ಗಿ ಪರದೆ ನೋಡಿದ.

‘ಯಾರೋ ನಿಮ್ಮ ಶಾಲಿಯಾಕಿ ಅಂತ ಕಾಣಸ್ತದ, ನೋಡು’ ಎಂದು ಆ ಹೊಳೆಯ ಹೆಸರನ್ನು ಗಟ್ಟಿಯಾಗಿ ಓದಿ ಹೇಳಿದ.

‘ನಿಮ್ಮಮ್ಮಂದು’ ಅಂದೆ. ‘ಎತ್ರಿ.’