ಗಲ್ಲೆಯ ಪಕ್ಕದ ಕುರ್ಚಿ

ಆಗ ನನಗೆ ಎಪ್ಪತ್ತೊಂದು ವರ್ಷ. ಮೂರು ವರ್ಷದ ಹಿಂದಿನ ಮಾತು. ನವಿ ಮುಂಬೈಯ ಐರೋಲಿಯಲ್ಲಿರುವ ನನ್ನ ಫ್ಲಾಟಿನ ಒಳಕೋಣೆಯನ್ನು ಒಬ್ಬ ಗಂಡಸಿಗೆ ಬಾಡಿಗೆಗೆ ಕೊಟ್ಟಿದ್ದೆ. ಬೆಳಿಗ್ಗೆ ತಿಂಡಿ, ಎರಡು ಹೊತ್ತು ಊಟ ನನ್ನದೇ. ನಾನು ಹೊರಗಿನ ಕೋಣೆಯಲ್ಲಿ ಮಲಗುತ್ತಿದ್ದೆ. ಆ ಬಾಡಿಗೆ ಬಂದರೆ ನನ್ನ ಮನೆ ನಡೆಯುತ್ತಿತ್ತು, ಬರದಿದ್ದರೆ ಇಲ್ಲ. ನನಗೆ ಬೇರೆ ವರಮಾನ ಇರಲಿಲ್ಲ.

ಅವನನ್ನು ಕರೆತಂದದ್ದು ಬ್ರೋಕರು. ಐವತ್ತರ ಹತ್ತಿರದ ಮನುಷ್ಯ, ಧಾರವಾಡದ ಕಡೆಯವನು, ಹೆಂಡತಿ ಮಕ್ಕಳು ಅಲ್ಲೇ. ಕನ್ನಡದವನು, ಬೀಡಿ ಸಿಗರೇಟು ಇಲ್ಲ ಎಂದು ಒಪ್ಪಿಕೊಂಡೆ. ಒಪ್ಪಿದ ಮೇಲೆ ಕೇಳಿದೆ, ಕೆಲಸ ಎಂತದು ಎಂದು. ಮೊದಲೇ ಕೇಳಬೇಕಿತ್ತು.

“ಸಾಲಾ ವಸೂಲಿ ಮಾಡೋದ್ರಿ ಅಮ್ಮಾರ,” ಎಂದ.

ಸಾಲ ವಸೂಲಿಯವರನ್ನು ನಾನು ನೋಡದವಳಲ್ಲ. ಮೋಟರ್‌ಸೈಕಲ್ಲಿನಲ್ಲಿ ಇಬ್ಬರು ಬರುತ್ತಾರೆ. ಒಬ್ಬ ಮಾತಾಡುತ್ತಾನೆ, ಇನ್ನೊಬ್ಬ ಸುಮ್ಮನೆ ನಿಲ್ಲುತ್ತಾನೆ. ಜನ ಹೆದರುವುದು ಸುಮ್ಮನೆ ನಿಂತವನಿಗೆ. ಇವನೋ ನರಪೇತಲ. ಗಾಳಿ ಜೋರಾಗಿ ಬಂದರೆ ಕನ್ನಡಕ ಹಿಡಿದುಕೊಳ್ಳುವ ಜಾತಿ.

“ಯಾರು ಕೊಡಬೇಕಾದ ಸಾಲ?”

“ದೇಶಗೋಳು ಕೊಡಬೇಕಾದ್ದರಿ. ನಮ್ಮ ಸರಕಾರ ಬಡ ಬಡ ದೇಶಕ್ಕ ಸಾಲಾ ಕೊಟ್ಟಿರತೈತಿ. ಅವು ಕಂತು ಕಟ್ಟೂದಿಲ್ಲ. ಅದನ್ನ ತಿರುಗಿ ತರೋ ಗುತ್ತಿಗಿ ನಮ್ಮ ಕಂಪನೀದು.”

“ದೇಶದ ಬಾಗಿಲು ಎಲ್ಲಿ ಉಂಟು, ಹೋಗಿ ತಟ್ಟಲಿಕ್ಕೆ?”

ಅವನು ನಕ್ಕ. ನಾನು ಕೇಳಿದ್ದು ನಗಲಿಕ್ಕಲ್ಲ. ಕಿಸೆಯಿಂದ ಗುರುತಿನ ಚೀಟಿ ತೆಗೆದು ತೋರಿಸಿದ. ಪೂರಾ ಇಂಗ್ಲಿಷ್. ನಾನು ಓದಿದ್ದು ಊರಿನ ಶಾಲೆಯಲ್ಲಿ ಮೂರನೇ ಕ್ಲಾಸು. ಫೋಟೋ ಅವನದ್ದೇ ಇತ್ತು, ಅಷ್ಟು ಗೊತ್ತಾಯಿತು. ಫೋಟೋ ಹಾಕಿದ ಚೀಟಿ ಮಾಡಿಸಲು ಸ್ಟೇಷನ್ನಿನ ಹೊರಗೆ ಬೇಕಾದಷ್ಟು ಅಂಗಡಿ ಉಂಟು.

ಅನುಮಾನಕ್ಕೆ ಕಾರಣ ಇತ್ತು. ಹಿಂದಿನ ಮಳೆಗಾಲದಲ್ಲಿ ನಮ್ಮ ಎದುರಿನ ಬಿಲ್ಡಿಂಗಿನಲ್ಲಿ ಪೊಲೀಸರು ಕೆಲವು ಹುಡುಗರನ್ನು ಹಿಡಿದಿದ್ದರು. ಬಾಡಿಗೆ ಫ್ಲಾಟಿನಲ್ಲಿ ಕುಳಿತು ಪರದೇಶದವರಿಗೆ ಫೋನು ಹಚ್ಚಿ, ನಾವು ಸರ್ಕಾರದವರು, ನಿಮ್ಮ ಬಾಕಿ ಉಂಟು ಎಂದು ದುಡ್ಡು ಕೀಳುತ್ತಿದ್ದರಂತೆ. ಹುಡುಗರು ಜಾಮೀನಿನಲ್ಲಿ ಹೊರಗೆ ಬಂದರು. ಫ್ಲಾಟಿಗೆ ಬಿದ್ದ ಸೀಲು ಮಾತ್ರ ಹಾಗೆಯೇ ಉಳಿಯಿತು. ಅದರ ಯಜಮಾನ, ಪಾಪ ಎನ್ನಬೇಕಾದ ಮುದುಕ, ಮಗಳ ಮನೆಯ ಬಾಲ್ಕನಿಯಲ್ಲಿ ಮಲಗುತ್ತಿದ್ದ.

ನಮ್ಮವನೂ ಸಂಜೆಯಾದರೆ ಕೋಣೆಯ ಬಾಗಿಲು ಹಾಕಿ ಪರದೇಶಕ್ಕೆ ಫೋನು ಮಾಡುತ್ತಿದ್ದ. ನಾನು ತೆಂಗಿನಕಾಯಿ ತುರಿಯುವ ಮಣೆಯನ್ನು ಆ ಬಾಗಿಲ ಹತ್ತಿರ ಎಳೆದುಕೊಂಡೆ. ಇಂಗ್ಲಿಷ್ ತಿಳಿಯದಿದ್ದರೂ ಸ್ವರ ತಿಳಿಯುತ್ತದೆ. ಒಮ್ಮೆ ನಗುತ್ತಿದ್ದ, ಒಮ್ಮೆ ಬೇಡುತ್ತಿದ್ದ. ಸಾಲ ಕೇಳುವವನು ಬೇಡುತ್ತಾನೆ, ವಸೂಲಿಗೆ ಬಂದವನು ಬೇಡುವುದುಂಟಾ? ಇವನು ಯಾವ ಕಡೆಯವನು ಎಂದೇ ನನಗೆ ತಿಳಿಯಲಿಲ್ಲ.

ಆಮೇಲೆ ಬಾಡಿಗೆ ನಿಂತಿತು. ಮೊದಲ ತಿಂಗಳು, “ಸಂಬಳ ತಡಾ ಆಗೇತ್ರಿ,” ಎಂದ. ಎರಡನೇ ತಿಂಗಳು ಅದನ್ನೂ ಹೇಳಲಿಲ್ಲ, ತಟ್ಟೆಯ ಕಡೆ ನೋಡಿ ಉಂಡು ಎದ್ದ. ದೇಶ ದೇಶಗಳಿಂದ ದುಡ್ಡು ತರುವವನು ಒಂದು ಕೋಣೆಯ ಬಾಡಿಗೆ ಕೊಡುವುದಿಲ್ಲ. ಇದನ್ನು ಯಾರ ಹತ್ತಿರ ಹೇಳಿದರೂ ನಗುತ್ತಾರೆ, ಹಾಗಾಗಿ ಯಾರ ಹತ್ತಿರವೂ ಹೇಳಲಿಲ್ಲ.

ಅದೇ ಹೊತ್ತಿಗೆ ಬಿಲ್ಡಿಂಗಿನ ರಿಪೇರಿ ಬಂತು. ಪಕ್ಕದ ಸಮುದ್ರದ ಖಾಡಿಯ ಉಪ್ಪುಗಾಳಿಗೆ ಕಂಬದೊಳಗಿನ ಕಬ್ಬಿಣ ತುಕ್ಕು ಹಿಡಿದು ಸಿಮೆಂಟು ಉದುರುತ್ತಿತ್ತು. ಪ್ರತಿ ಫ್ಲಾಟಿನವರೂ ಇಷ್ಟು ಕಟ್ಟಬೇಕು ಎಂದು ಸೊಸೈಟಿ ಹೇಳಿತು. ಬಾಡಿಗೆ ಬರುತ್ತದೆ ಎಂಬ ಧೈರ್ಯದಲ್ಲಿ ನಾನು ಹೂಂ ಎಂದಿದ್ದೆ. ಸೆಕ್ರೆಟರಿ ಮರಾಠಿಯವನು, ಕೆಳಗಿನ ಮಾಳಿಗೆಯವನು. ಲಿಫ್ಟಿನ ಹತ್ತಿರ ತಡೆದು ನಿಲ್ಲಿಸಿದ.

“ಆಜೀ, ರವಿವಾರ್ ಆಖ್ರೀ. ಉಸ್‌ಕೇ ಬಾದ್ ನಾಮ್ ಬೋರ್ಡ್ ಪೇ ಜಾಯೇಗಾ. ಮೇರೇ ಹಾಥ್ ಮೇ ಕುಛ್ ನಹೀಂ.”

ಭಾನುವಾರ ಕೊನೆಯ ದಿನ. ಆಮೇಲೆ ಬಾಕಿದಾರರ ಹೆಸರು ಲಿಫ್ಟಿನ ಪಕ್ಕದ ಬೋರ್ಡಿಗೆ. ಹೋಗುವವರು ಬರುವವರು, ಪಿಜ್ಜಾ ತರುವ ಹುಡುಗರು ಎಲ್ಲ ಓದುತ್ತಾರೆ. ತೀರಿಹೋದ ನನ್ನ ಗಂಡ ಮುಂಬೈ ಹತ್ತಿರದ ಕಲ್ಯಾಣದಲ್ಲಿ ಅಷ್ಟು ವರ್ಷ ಹೋಟೆಲು ನಡೆಸಿದವರು. ಅವರ ಹೆಸರು ಯಾರ ಬಾಕಿಯ ಬೋರ್ಡಿನಲ್ಲೂ ಬಂದಿರಲಿಲ್ಲ. ನನ್ನದು ಬರಲು ನಾನು ಬಿಡುವವಳಲ್ಲ.

ಆ ಹೋಟೆಲಿನ ವಿಷಯ ಇಲ್ಲಿ ಹೇಳಬೇಕು. ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರ, ಸಣ್ಣ ಜಾಗ, ಇಡ್ಲಿ ದೋಸೆ ಊಟ. ಬರುತ್ತಿದ್ದವರು ಗುಮಾಸ್ತರು, ರೈಲ್ವೆಯವರು, ಮಾರ್ಕೆಟಿನವರು. ತಿಂಗಳ ಲೆಕ್ಕದಲ್ಲಿ ಉಣ್ಣುವವರು ಇದ್ದರು, ತಿಂಗಳು ಮುಗಿದರೂ ಕೊಡದವರೂ ಇದ್ದರು. ನನ್ನ ಗಂಡ ಅವರನ್ನು ಬಾಯಿ ಬಿಟ್ಟು ಕೇಳುತ್ತಿರಲಿಲ್ಲ. ಎಲೆಯ ಮುಂದೆ ಕುಳಿತವನ ಹತ್ತಿರ ಬಾಕಿ ಕೇಳಬಾರದು ಎಂದು ನನ್ನ ಅತ್ತೆಯ ಕಟ್ಟಳೆ. ಅವರು ಮಾಡುತ್ತಿದ್ದದ್ದು ಬೇರೆ. ದುಡ್ಡು ತೆಗೆದುಕೊಳ್ಳುವ ಗಲ್ಲೆಯ ಪಕ್ಕದಲ್ಲಿ ಒಂದು ಮೇಜು, ಒಂದೇ ಕುರ್ಚಿ, ತಲೆಯ ಮೇಲೆ ಫ್ಯಾನು. ಬಾಕಿದಾರ ಬಂದರೆ, “ಬನ್ನಿ ಬನ್ನಿ, ಇಲ್ಲಿ ಗಾಳಿ ಉಂಟು,” ಎಂದು ಅಲ್ಲಿ ಕೂರಿಸುತ್ತಿದ್ದರು. ಬಿಸಿ ದೋಸೆ ಮೊದಲು ಅವನಿಗೆ. ಅವನು ತಿನ್ನುತ್ತಾ ಇದ್ದ ಹಾಗೆ ಒಬ್ಬೊಬ್ಬರೇ ಬಂದು ಅವನ ಮೂಗಿನ ಮುಂದೆ ದುಡ್ಡು ಕೊಟ್ಟು ಹೋಗುತ್ತಿದ್ದರು. ಕೂಲಿಯವನು ಕೊಡುತ್ತಿದ್ದ, ಶಾಲೆಯ ಹುಡುಗ ಕೊಡುತ್ತಿದ್ದ. ನನ್ನ ಗಂಡ ಎಲ್ಲರಿಗೂ ಚಿಲ್ಲರೆ ಎಣಿಸಿ ಕೊಟ್ಟು, ಇವನ ಕಡೆ ತಿರುಗಿ, “ಇನ್ನೊಂದು ಸ್ವಲ್ಪ ಚಟ್ನಿ?” ಎನ್ನುತ್ತಿದ್ದರು. ಆ ಕುರ್ಚಿಯಲ್ಲಿ ಮೂರನೇ ಸಲ ಕುಳಿತವರು ಕಡಿಮೆ. ಕೊಡುತ್ತಿದ್ದರು, ಇಲ್ಲ ಊರು ಬಿಡುತ್ತಿದ್ದರು.

ಶುಕ್ರವಾರ ನಮ್ಮ ಬಾಡಿಗೆಯವನು ಅಡುಗೆಮನೆಯ ಬಾಗಿಲಲ್ಲಿ ನಿಂತ.

“ಅಮ್ಮಾರ, ನಾಳೆ ಮಧ್ಯಾಹ್ನ ಒಬ್ಬರು ಊಟಕ್ಕ ಬರತಾರ. ಆ ದೇಶದ ಸಾಹೇಬರು. ಮಾತುಕತಿಗೆ ಬಂದಾರ. ಹೊರಗಿಂದು ತಿಂದು ಹೊಟ್ಟಿ ಕೆಟ್ಟೈತಿ ಅವರದು.”

“ಯಾವ ದೇಶ?”

ಹೆಸರು ಹೇಳಿದ. ಸಮುದ್ರದ ಆಚೆ, ಆಫ್ರಿಕಾದ ಕಡೆಯ ಒಂದು ಸಣ್ಣ ದೇಶ. ನಾನು ಕೇಳಿದ ಹೆಸರಲ್ಲ.

“ಸಾಲ ಕೊಡಬೇಕಾದವರು ಇವರೇಯಾ?”

“ಹೌದ್ರಿ.”

“ಕೊಡಬೇಕಾದವರಿಗೆ ಊಟ ಹಾಕುವುದಾ?”

“ಉಪವಾಸ ಕೆಡವಿದರ ಕೊಡತಾರೇನ್ರಿ?”

ಆ ಮಾತು ನನಗೆ ಸರಿ ಕಂಡಿತು. ಆದರೆ ಬರುವವನು ಇನ್ನೊಬ್ಬ ಕಳ್ಳ ಇರಬಹುದು ಎಂದು ನನ್ನ ಎರಡು ಬಳೆಯನ್ನು ಅಕ್ಕಿಡಬ್ಬಿಯ ತಳಕ್ಕೆ ಹಾಕಿದೆ.

ಶನಿವಾರ ಬಂದ. ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರಬೇಕಾದಷ್ಟು ಎತ್ತರ, ಕೋಟು, ಹೊಳೆಯುವ ಬೂಟು. ಬೂಟು ಹೊರಗೆ ಬಿಚ್ಚಿದ. ನನಗೆ ಕೈಮುಗಿದು, “ನಮಸ್ತೇ ಆಂಟೀ, ಆಪ್ ಕೈಸೀ ಹೈಂ?” ಎಂದ. ಹಿಂದಿ. ನಾನು ಮಾತಾಡುವ ಹಿಂದಿಗಿಂತ ಒಳ್ಳೆಯ ಹಿಂದಿ. ಚಿಕ್ಕವನಿದ್ದಾಗ ಪುಣೆಯಲ್ಲಿ ಕಾಲೇಜು ಓದಿದ್ದನಂತೆ. ಇದೂ ಅನುಮಾನಕ್ಕೆ ಜಾಗವೇ. ಪರದೇಶದ ಸಾಹೇಬ ಎಂದರೆ ಇಷ್ಟು ಚೆನ್ನಾಗಿ ನಮ್ಮ ಹಿಂದಿ ಯಾಕೆ?

ತಿಳಿಸಾರು, ಸೌತೆಕಾಯಿ ಹುಳಿ, ಬೆಂಡೆಕಾಯಿ ಪಲ್ಯ, ಕೋಸಂಬರಿ. ಕೈಯಲ್ಲೇ ಉಂಡ, ಮೂರು ಸಲ ಅನ್ನ ಹಾಕಿಸಿಕೊಂಡ, ಮಜ್ಜಿಗೆಯನ್ನು ಬೊಗಸೆಯಲ್ಲಿ ಕೇಳಿ ಕುಡಿದ. ನಮ್ಮವನು ಅವನ ತಟ್ಟೆಯನ್ನೇ ಕಾಯುತ್ತಿದ್ದ. “ಅಮ್ಮಾರ, ಸಾಹೇಬರಿಗೆ ಪಲ್ಯ. ಅಮ್ಮಾರ, ಸಾಹೇಬರಿಗೆ ಉಪ್ಪಿನಕಾಯಿ.” ಅಳಿಯ ಮೊದಲ ಸಲ ಮನೆಗೆ ಬಂದಾಗ ಮಾವ ಹೀಗೆ ಮಾಡುತ್ತಾನೆ. ಸಾಲದ ಸುದ್ದಿ ಇಬ್ಬರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ, ಅತ್ತೆಯ ಕಟ್ಟಳೆ ನೆನಪಿತ್ತು. ಅವನು ಕೈ ತೊಳೆದು ಒರೆಸಿಕೊಂಡ ಮೇಲೆ ಕೇಳಿದೆ. ನನ್ನ ಹರಕು ಹಿಂದಿ, ಅವನ ನೆಟ್ಟನೆಯ ಹಿಂದಿ. ಎಲ್ಲ ಕನ್ನಡದಲ್ಲೇ ಬರೆಯುತ್ತೇನೆ.

“ತೆಗೆದುಕೊಂಡ ಸಾಲ ಯಾಕೆ ಕೊಡುವುದಿಲ್ಲ ನೀವು?”

ನಮ್ಮವನಿಗೆ ಕೆಮ್ಮು ಬಂತು. ಆ ಮನುಷ್ಯನಿಗೆ ಬೇಜಾರು ಬರಲಿಲ್ಲ.

“ಆಂಟೀ, ಸಕ್ಕರೆ ಕಾರ್ಖಾನೆಗೆ ಅಂತ ಸಾಲ. ಯಂತ್ರ ನಿಮ್ಮ ದೇಶದಿಂದಲೇ ಕೊಳ್ಳಬೇಕು ಅಂತ ಕರಾರು. ಯಂತ್ರ ನಿಮ್ಮದು, ಇಂಜಿನಿಯರುಗಳು ನಿಮ್ಮವರು, ಕಬ್ಬಿಣ ಇಲ್ಲೇ ಪಕ್ಕದ ಕಳಂಬೋಲಿಯಿಂದ ಬಂದದ್ದು. ದುಡ್ಡು ಇಲ್ಲಿಂದ ಹೊರಟು ಇಲ್ಲಿಗೇ ಸೇರಿತು. ನಮ್ಮ ಊರಿಗೆ ಬಂದದ್ದು ಸಾಲ ಮಾತ್ರ.”

“ಕಾರ್ಖಾನೆ ಬಂತಲ್ಲ?”

“ಬಂತು. ನಿಂತಿದೆ. ಕಬ್ಬು ಇಲ್ಲ.”

“ಕಬ್ಬಿಲ್ಲದ ಊರಿಗೆ ಸಕ್ಕರೆ ಕಾರ್ಖಾನೆ ಬೇಕು ಅಂತ ಕೇಳಿದವನು ಯಾರು?”

“ಆಗಿನ ಮಂತ್ರಿ. ಅವನು ಈಗ ಬೇರೆ ದೇಶದಲ್ಲಿ ದೊಡ್ಡ ಮನೆಯಲ್ಲಿದ್ದಾನೆ.”

“ಕಬ್ಬು ಉಂಟಾ ಅಂತ ನೋಡದೆ ಕೊಟ್ಟವನು?”

ಅವನು ನಮ್ಮವನ ಕಡೆ ಕೈ ತೋರಿಸಿದ. ನಮ್ಮವನು, “ನಾ ಅಲ್ರೀ ಅಮ್ಮಾರ, ನಾ ಬಂದದ್ದು ಆಮ್ಯಾಲ,” ಎಂದ. “ಈಗ ಗಡುವು ಇಪ್ಪತ್ತು ವರ್ಷ ಮುಂದ ಹಾಕತೇವಿ, ಬಡ್ಡಿ ಕಮ್ಮಿ ಮಾಡತೇವಿ. ಸಹಿ ಒಂದ ಬಾಕಿ.”

“ಕೊಡದವರಿಗೆ ಬಡ್ಡಿ ಕಮ್ಮಿಯಾ? ಸರಿಯಾಗಿ ಕಟ್ಟುವವರಿಗೆ ಯಾಕೆ ಇಲ್ಲ? ಇಪ್ಪತ್ತು ವರ್ಷ ಆದಮೇಲೆ ಇವರು ಇರುತ್ತಾರಾ?”

ಆ ಮನುಷ್ಯ ಹೊಟ್ಟೆ ಕುಣಿಸಿ ನಕ್ಕ. “ನಾನೂ ಇರುವುದಿಲ್ಲ, ಇವನೂ ಇರುವುದಿಲ್ಲ. ದೇಶ ಎಲ್ಲಿಗೆ ಹೋಗುತ್ತದೆ ಆಂಟೀ, ಅದು ಇರುತ್ತದೆ.”

ಮಾರ್ಕೆಟಿನ ಒಬ್ಬ ಗುಮಾಸ್ತ ನನ್ನ ಗಂಡನಿಗೆ ಹೀಗೆಯೇ ಹೇಳುತ್ತಿದ್ದ, ಅಂಗಡಿ ಎಲ್ಲಿಗೆ ಹೋಗುತ್ತದೆ ಶೇಟ್ ಎಂದು. ಅಂಗಡಿ ಇವತ್ತಿಗೂ ಉಂಟು. ಅವನು ಬಾಕಿ ಉಳಿಸಿ ಹೋದ.

ಹೊರಡುವಾಗ ಆ ಮನುಷ್ಯ ಕೋಟಿನ ಒಳಕಿಸೆಯಿಂದ ಒಂದು ಕಟ್ಟು ನೋಟು ತೆಗೆದ. ಹೊಸ ನೋಟು, ಮೇಲೆ ಕೆಂಪು ರಬ್ಬರು. ಊಟಕ್ಕೆ ಎಂದು ನನಗೆ ಚಾಚಿದ. ಅತಿಥಿಯಿಂದ ಊಟದ ದುಡ್ಡು ನಾನು ಮುಟ್ಟುವುದಿಲ್ಲ ಎಂದೆ. ಅವನು ಕಟ್ಟನ್ನು ಮತ್ತೆ ಕಿಸೆಗೆ ಹಾಕಿ, ನಮ್ಮವನ ಬೆನ್ನು ತಟ್ಟಿ ತಮಾಷೆಗೆ ಹೇಳಿದ, “ಆಂಟೀ, ಇವನು ನನಗೆ ಇಷ್ಟು ಉಪಚಾರ ಮಾಡುವುದು ಯಾಕೆ ಗೊತ್ತಾ? ನಾವು ಸಹಿ ಹಾಕಿದರೆ ಇವನ ಕಂಪನಿಗೆ ಸರ್ಕಾರದಿಂದ ದುಡ್ಡು. ಕಂಪನಿಗೆ ಬಂದರೆ ಇವನಿಗೆ ಸಂಬಳ.”

ನಮ್ಮವನ ಮುಖ ನೋಡಿದೆ. ಅದು ತಮಾಷೆಯಲ್ಲ, ನಿಜ ಎಂದು ಆಗ ಗೊತ್ತಾಯಿತು. ಕಳ್ಳನಲ್ಲ ಹಾಗಾದರೆ. ಕಳ್ಳನಾಗಿದ್ದರೆ ಬಾಡಿಗೆ ಕೊಡುತ್ತಿದ್ದ.

ಸಾಹೇಬ ಹೋದ ಮೇಲೆ ಪಾತ್ರೆ ತೊಳೆಯುತ್ತಾ ನಮ್ಮವನನ್ನು ಕೇಳಿದೆ. “ಅಂದರೆ ಆ ಊರಿನಲ್ಲಿ ಕಬ್ಬು ಬೆಳೆದರೆ ನನಗೆ ಬಾಡಿಗೆ. ಹೌದಾ?”

“ಹಂಗಲ್ರೀ ಅಮ್ಮಾರ. ಸಹಿ ಆದರ ಸಾಕು.”

“ಯಾವಾಗ ಸಹಿ?”

“ಮುಂದಿನ ಸುತ್ತಿನ ಮಾತುಕತಿಗೆ. ಮಳಿಗಾಲ ಮುಗಿದ ಮ್ಯಾಲ.”

“ನಾಳೆ ನನ್ನ ಹೆಸರು ಬೋರ್ಡಿಗೆ ಹೋಗುತ್ತದೆ.”

“ನನಗೂ ಒಂದೀಟು ಗಡುವು ಕೊಡ್ರಿ,” ಎಂದ. ಆ ದೊಡ್ಡ ಮನುಷ್ಯನಿಗೆ ಕೊಟ್ಟದ್ದನ್ನೇ ನನ್ನಿಂದ ಕೇಳಿದ. ನನ್ನ ಗ್ಯಾಸು, ನನ್ನ ತೆಂಗಿನಕಾಯಿ, ನನ್ನ ಬೆಂಡೆಕಾಯಿ, ಅವನ ವಸೂಲಿ. ಸಂಜೆ ಕೆಳಗೆ ಇಳಿದು ಹಾಲಿನವನಿಗೆ, ಪೇಪರಿನವನಿಗೆ, ಇಸ್ತ್ರಿಯವನಿಗೆ, ನೆಲ ಒರೆಸುವ ಹೆಂಗಸಿಗೆ, ಎಲ್ಲರಿಗೂ ನಾಳೆ ತಿಂಡಿಯ ಹೊತ್ತಿಗೆ ಬಂದು ದುಡ್ಡು ತೆಗೆದುಕೊಂಡು ಹೋಗಿ ಎಂದೆ. ಅಕ್ಕಿಡಬ್ಬಿಯಲ್ಲಿ ಕೂಡಿಟ್ಟ ದುಡ್ಡು ಅಷ್ಟಕ್ಕೆ ಸಾಕಿತ್ತು. ರಿಪೇರಿಗೆ ಸಾಲುವಷ್ಟು ಇರಲಿಲ್ಲ. ಸೆಕ್ರೆಟರಿಗೂ ಹೇಳಿದೆ, ಅವರೆಲ್ಲರ ಬೆನ್ನಿಗೆ ಬಾ ಎಂದು.

ಮರುದಿನ ಬೆಳಿಗ್ಗೆ ಎದ್ದು ಕುರ್ಚಿಯನ್ನು ಹೊರಬಾಗಿಲ ಪಕ್ಕಕ್ಕೆ, ಫ್ಯಾನಿನ ಕೆಳಗೆ ಎಳೆದೆ. “ಇಲ್ಲಿ ಕೂತುಕೊಳ್ಳಿ ಮಾರಾಯ್ರೆ, ಗಾಳಿ ಉಂಟು,” ಎಂದು ನಮ್ಮವನನ್ನು ಕೂರಿಸಿದೆ. ಮೊದಲ ದೋಸೆ ಅವನಿಗೆ. ಹಾಲಿನವನು ಬಂದ, ಕೊಟ್ಟೆ. ಪೇಪರಿನವನು ಬಂದ, ಕೊಟ್ಟೆ. ಇಸ್ತ್ರಿಯವನಿಗೆ ಕೊಟ್ಟೆ. ನೆಲ ಒರೆಸುವವಳು ಎಣಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಪ್ರತಿ ಸಲವೂ ಅವನ ಕಡೆ ತಿರುಗಿ, “ಚಟ್ನಿ?” ಎಂದೆ. ಎರಡನೇ ದೋಸೆ ಅವನಿಗೆ ಇಳಿಯಲಿಲ್ಲ. ಆಗ ಸೆಕ್ರೆಟರಿ ಬಂದು ಎದುರು ಕುಳಿತ. ನಾನು ಅವನಿಗೂ ಒಂದು ದೋಸೆ ಇಟ್ಟು ಸುಮ್ಮನೆ ನಿಂತೆ.

ನಮ್ಮವನು ಚಪ್ಪಲಿ ಮೆಟ್ಟಿ ಹೊರಟ. ಎಟಿಎಂ ನಮ್ಮ ಗೇಟಿನ ಎದುರೇ ಉಂಟು. ಬಾಲ್ಕನಿಯಿಂದ ನೋಡಿದೆ, ಅತ್ತ ತಿರುಗಲೂ ಇಲ್ಲ, ರಿಕ್ಷಾ ಹತ್ತಿದ. ಸೆಕ್ರೆಟರಿ ಎರಡು ಸಲ ಚಹಾ ಕುಡಿಯುವಷ್ಟು ಹೊತ್ತಾದ ಮೇಲೆ ನಮ್ಮವನು ತಿರುಗಿ ಬಂದ. ಎರಡೂ ತಿಂಗಳ ಬಾಡಿಗೆ ನನ್ನ ಕೈಗೆ ಕೊಟ್ಟ. ಹೊಸ ನೋಟು, ಮೇಲೆ ಕೆಂಪು ರಬ್ಬರು. ಯಾರು ಯಾರಿಗೆ ಸಾಲ ಕೊಟ್ಟರು ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.

ರಬ್ಬರು ಬಿಚ್ಚಿ ಸೆಕ್ರೆಟರಿಯನ್ನು ಕೂರಿಸಿಕೊಂಡೇ, ಒಂದೊಂದು ನೋಟನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಎಲ್ಲ ಸರಿ ಇತ್ತು. ಮತ್ತೊಮ್ಮೆ ನೋಡಿದೆ. ಆಮೇಲೆ ರಿಪೇರಿಯ ದುಡ್ಡು ಕಟ್ಟಿದೆ.