ಒಲೆಯಿಲ್ಲದ ಮನೆಯ ಬಿಸಿನೀರು

ಬಳ್ಳಾರಿಯಿಂದ ಕುರುಗೋಡಿಗೆ ಬಸ್ಸಿನ ದರ ಎಂಟಾಣೆ. ಯುದ್ಧ ಮುಗಿದಿದ್ದರೂ ಓಡುತ್ತಿದ್ದದ್ದು ಇನ್ನೂ ಇದ್ದಿಲು ಗ್ಯಾಸಿನ ಬಸ್ಸೇ. ಏರು ಬಂದಲ್ಲೆಲ್ಲ ಇಳಿದು ನೂಕಿ, ಊರು ಮುಟ್ಟಿದಾಗ ಹನ್ನೊಂದರ ಉರಿಬಿಸಿಲು. ಪಂಪು ರಿಪೇರಿ ಮಾಡುತ್ತಿದ್ದ ಗೆಳೆಯ ಹನುಮಂತಪ್ಪ ಜ್ವರದಿಂದ ತೀರಿಹೋಗಿ ಮೂರು ದಿನವಾಗಿತ್ತು. ಸುದ್ದಿ ನನಗೆ ತಡವಾಗಿ ಮುಟ್ಟಿತ್ತು.

ಹೊಸ್ತಿಲಲ್ಲಿ ಕೂತ ಅವನ ಹೆಂಡತಿಯನ್ನು ಬಿಟ್ಟರೆ ಅವನ ಮನೆಯ ಮುಂದೆ ಒಂದು ನರಪಿಳ್ಳೆಯೂ ಇಲ್ಲ. ನೆಂಟರೆಲ್ಲ ಎದುರುಮನೆಯ ಕಟ್ಟೆಯ ಮೇಲೆ ಮುದುಡಿ ಕೂತಿದ್ದರು.

"ಒಳಗ ಹೋಗಬ್ಯಾಡ್ರಿ," ಎಂದ ಸಿರುಗುಪ್ಪದ ಈರಣ್ಣ, ಹನುಮಂತಪ್ಪನ ಹೆಂಡತಿಯ ಅಣ್ಣ. "ಸಾವಾದ ಮನಿ, ಒಲಿ ಹಚ್ಚಂಗಿಲ್ಲ, ಹಚ್ಚಿಲ್ಲ. ಆದ್ರ ನಸುಕಿನ್ಯಾಗ ಬಚ್ಚಲದ ನಳ ತಿರುವಿದ್ರ ಬಿಸಿನೀರು! ಯಾರು ಕಾಸ್ತಾರ್ರೀ?"

ಮನೆಗೆ ಬೀಗ ಜಡಿದು ತಂಗಿಯನ್ನು ಕರೆದೊಯ್ಯಲು ಅವನು ನಿಂತಿದ್ದ. ತಂಗಿ ಗಂಗಮ್ಮ ಮಾತ್ರ ಹೊಸ್ತಿಲು ಬಿಟ್ಟು ಕದಲಲೊಲ್ಲಳು.

ನಾನು ಒಳಹೊಕ್ಕು ನಳ ತಿರುವಿದೆ. ಕತ್ತಲೆ ಬಚ್ಚಲು, ಬೂದಿಯಿಲ್ಲ, ಹೊಗೆಯಿಲ್ಲ, ಹಬೆಯಾಡುವ ನೀರು. ಗುಟ್ಟು ಗೊತ್ತಿದ್ದ ನನಗೂ ಮೈ ಜುಮ್ಮೆಂದಿತು. ನನಗೊಬ್ಬನಿಗೆ ಕಾಗದ ಬರೆದದ್ದು ಬಿಟ್ಟರೆ ಹನುಮಂತಪ್ಪ ಯಾರಿಗೂ ಹೇಳದೆ ಹದಿನೈದು ದಿನದ ಕೆಳಗಷ್ಟೇ ಇದನ್ನು ಕೂಡಿಸಿದ್ದ; ಮನೆಯವರಿಗೆ ತೋರಿಸುವ ಮೊದಲೇ ಜ್ವರ ಹಿಡಿದಿತ್ತು.

ಎಲ್ಲರನ್ನೂ ಮಾಳಿಗೆ ಹತ್ತಿಸಿದೆ. ಗಾಜು ಮುಚ್ಚಿದ ಪೆಟ್ಟಿಗೆ, ಅದರೊಳಗೆ ಮಸಿ ಬಳಿದ ಕೊಳವೆಗಳು, ಅದಕ್ಕಿಂತ ಎತ್ತರದಲ್ಲಿ ಹೊಟ್ಟಿನ ಗೋಣಿ ಸುತ್ತಿದ ಪೀಪಾಯಿ.

"ಕರೇ ಕೊಳವಿ ಬಿಸಿಲು ಹೀರ್ತೈತಿ, ಗಾಜು ಶಾಖ ಹೊರಗ ಬಿಡಂಗಿಲ್ಲ," ಎಂದೆ. "ಕಾದ ನೀರು ಹಗುರ, ತಾನ ಪೀಪಾಯಿಗೆ ಏರ್ತೈತಿ. ತಣ್ಣೀರು ಭಾರ, ಕೆಳಗಿಳದು ಕೊಳವಿ ಸೇರ್ತೈತಿ. ಹೊಟ್ಟು ಸುತ್ತಿದ್ದಕ್ಕ ಬೆಳಗಿನತನ ಆರಂಗಿಲ್ಲ."

"ಬಿಸಿಲು ಬಾವಿಗೂ ಬೀಳ್ತೈತಿ. ಅದ್ಯಾಕ ಕಾಯಂಗಿಲ್ಲ?" ಎಂದ ಈರಣ್ಣ.

ನನಗೆ ರೇಗಿತು. ಪೀಪಾಯಿ ಬರಿದು ಮಾಡಿಸಿ, ಬಾವಿ ನೀರು ತುಂಬಿಸಿ, ಗಾಜಿನ ಮೇಲೆ ಕಂಬಳಿ ಹೊದಿಸಿದೆ.

ಮರುದಿನ ಬೆಳಿಗ್ಗೆ ಈರಣ್ಣನೇ ನಳ ತಿರುವಿದ. ತಣ್ಣೀರು. ನಾಚಿ ನಕ್ಕುಬಿಟ್ಟ. "ಇರ್ಲಿ ಬಿಡವಾ, ಇಲ್ಲೇ ಇರು," ಎಂದ ತಂಗಿಗೆ. ಗೆದ್ದ ಹಿಗ್ಗು ನನಗೆ. ಗಂಗಮ್ಮ ನಳಕ್ಕೆ ಬೊಗಸೆಯೊಡ್ಡಿ ಬಹಳ ಹೊತ್ತು ನಿಂತಿದ್ದಳು.

ಬಸ್ಸಿಗೆಂದು ಹೊರಟಾಗ ಅವಳೂ ಗಂಟು ಹೊತ್ತು ಬಂದಳು. ಬೀಗದ ಕೈ ಅಣ್ಣನ ಕೈಗಿಟ್ಟು, ಸಿರುಗುಪ್ಪದ ಬಸ್ಸು ಹತ್ತಿದಳು.

"ಯಾಕ ತಂಗಿ? ಈಗ ಹೆದರಿಕಿ ಹೋತಲ್ಲ?" ಎಂದೆ.

"ನನಗೆಲ್ಲಿ ಹೆದರಿಕಿ ಇತ್ರೀ ಅಣ್ಣಾರ? ನಮ್ಮನಿಯವರೇ ಕಾಸಿ ಕೊಡಾಕತ್ತಾರಂತ ತಿಳಿದು ಮೂರು ದಿನ ಮುಖ ತೊಳದೀನಿ. ಈಗ ಆ ಮನ್ಯಾಗ ಯಾರು ಅದಾರ?"

ಹೊಗೆಗೆ ಹೆಂಡತಿ ಕೆಮ್ಮುತ್ತಾಳೆಂದೇ ಅವನು ಅದನ್ನು ಕಟ್ಟಿದ್ದ. ಕೊಳವೆ, ಗಾಜು, ಹೊಟ್ಟು ಎಲ್ಲದರ ಬಗ್ಗೆ ಮಾತಾಡಿದವನು ಆ ಒಂದು ಮಾತು ಆಡಿರಲಿಲ್ಲ. ಕೂಗಿ ಹೇಳಿದೆ. ಬಸ್ಸು ಆಗಲೇ ದೂರ ಹೋಗಿತ್ತು.