ರೊಟ್ಟಿ ಹಿಟ್ಟಿನ ತೂಕ

ಮೊನ್ನೆ ಹಳೆಯ ಸಾಮಾನಿನ ಡಬ್ಬಿ ಕೆದಕುವಾಗ ಅಡಿಯಲ್ಲಿ ಒಂದು ಸೀಸದ ತುಂಡು ಸಿಕ್ಕಿತು. ಅದರ ಸುತ್ತ ಕೆಂಪು ರೇಷ್ಮೆ ದಾರ ಇನ್ನೂ ಬಿಗಿಯಾಗಿಯೇ ಇತ್ತು. ಮೂಗಿಗೆ ಹಿಡಿದರೆ ಬರೀ ಗ್ರೀಸಿನ ವಾಸನೆ... ಆದರೂ ನನಗೆ ನೆನಪಾದದ್ದು ಜೋಳದ ಹಿಟ್ಟು. ಹಿಟ್ಟಿನ ಹಿಂದೆಯೇ ಎದುರುಮನೆಯ ಚಿಗವ್ವ.

ರಕ್ತಸಂಬಂಧದ ಚಿಕ್ಕಮ್ಮನೇನಲ್ಲ. ಇಳಕಲ್ಲಿನ ನಮ್ಮ ಓಣಿಯಲ್ಲಿ ಆಕೆಯನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು. ಕಟ್ಟೆಯ ಮೇಲೆ ಕೂತು ರಾಟಿ ತಿರುಗಿಸುತ್ತ, ಸೀರೆಯ ಸೆರಗಿಗೆ ಬೇಕಾದ ರೇಷ್ಮೆಯನ್ನು ಕಂಡಿಕೆಯ ಸಣ್ಣ ಕೊಳವೆಗೆ ಸುತ್ತುತ್ತಿದ್ದಳು.

ನಾನು ಶಾಲೆಯನ್ನೂ ಬೇಗ ಬಿಟ್ಟವನು, ಅಪ್ಪನ ಮಗ್ಗವನ್ನೂ ಬಿಟ್ಟವನು. ಎಂಬತ್ತರ ದಶಕ ಶುರುವಾದಾಗ ಮನೆಯ ಪಡಸಾಲೆಯಲ್ಲೇ ಮೋಟಾರ್ ಸೈಕಲ್ ರಿಪೇರಿ ಹಚ್ಚಿದ್ದೆ. ನನ್ನ ಕೈಕೆಲಸದ ಮೇಲೆ ನನಗೆ ಜಂಬವಿತ್ತು, ಈಗಲೂ ಇದೆ. ಆದರೆ ದನದ ಡಾಕ್ಟರರ ಗಾಡಿಗೆ ಹೊಸ ಟೈರು ಹಾಕಿಕೊಟ್ಟೆ ನೋಡಿ, ಹುನಗುಂದದ ರಸ್ತೆಯಲ್ಲಿ ಜೋರು ಓಡಿಸಿದರೆ ಹ್ಯಾಂಡಲ್ ಗಡಗಡ ನಡುಗತೊಡಗಿತು. ಸುದ್ದಿ ಊರಿಗೆಲ್ಲ ಹಬ್ಬಿತು.

"ಇದೂ ನೀಗಲಿಲ್ಲಂದ್ರ ನಾಳಿಂದ ಮಗ್ಗಕ್ಕ ಕೂಡು" ಎಂದ ಅಪ್ಪ.

ಮುಂದಿನ ಗಾಲಿ ಬಿಚ್ಚಿ, ಅದರ ಅಚ್ಚನ್ನು ಎರಡು ಸ್ಟೂಲುಗಳ ಮೇಲೆ ಅಡ್ಡ ಇಟ್ಟೆ. ಬಿಟ್ಟೊಡನೆ ಭಾರದ ಬದಿ ಕೆಳಗೆ ಬರುತ್ತಿತ್ತು. ಎದುರು ಬದಿಗೆ ಅಂದಾಜಿನ ಮೇಲೆ ಸೀಸ ಸುತ್ತಿದೆ, ಹೆಚ್ಚಾಯಿತು. ಕತ್ತರಿಸಿದೆ, ಕಡಿಮೆಯಾಯಿತು. ಮಧ್ಯಾಹ್ನದ ಹೊತ್ತಿಗೆ ಸೀಸವೆಲ್ಲ ಚೂರುಚೂರು.

"ಏನಪಾ, ಗಾಲಿ ಜೋಡಿ ಜಗಳಾ ತಗದೀಯೇನ?" ಚಿಗವ್ವ ಕಟ್ಟೆಯಿಂದಲೇ ಕೂಗಿದಳು.

"ಇದು ರಾಟಿ ಅಲ್ಲ ಚಿಗವ್ವಾ, ಮೋಟಾರ್ ಸೈಕಲ್ಲು!"

"ಹೌದೇಳು, ನನ್ನ ರಾಟಿಗೆ ಹಾರ್ನ್ ಇಲ್ಲ. ಉಳಿದದ್ದೆಲ್ಲಾ ಅದ ಐತಿ."

ಒಳಗೆ ಹೋಗಿ ನಾದಿದ ರೊಟ್ಟಿ ಹಿಟ್ಟಿನ ಉಂಡೆ ತಂದಳು. ರಾಟಿ ಒಂದು ಕಡೆ ವಾಲಿದರೆ ಆಕೆ ಮಾಡುತ್ತಿದ್ದದ್ದು ಇದನ್ನೇ. ಹಗುರಾದ ಬದಿಗೆ ಹಿಟ್ಟು ಮೆತ್ತಿ ನೋಡಿ, ಆಮೇಲೆ ಅಷ್ಟೇ ತೂಕದ ಅರಿವೆ ಚಿಂದಿ ಸುತ್ತುತ್ತಿದ್ದಳು. ಗಾಲಿಯ ರಿಮ್ಮಿಗೆ ಹಿಟ್ಟು ಮೆತ್ತಿದಳು. ಚಿವುಟಿ ತೆಗೆದಳು, ನೋಡಿದಳು, ಮತ್ತೆ ಚಿವುಟಿದಳು.

"ದೂಡಬ್ಯಾಡ. ಕೈ ಬಿಡು, ಅದ ಹೇಳತೈತಿ."

ಕಡೆಗೊಮ್ಮೆ ಗಾಲಿ, ಬಿಟ್ಟಲ್ಲೇ ನಿಂತಿತು. ಹೇಗೆ ತಿರುಗಿಸಿ ಬಿಟ್ಟರೂ ಅಲ್ಲೇ... ಆ ಹಿಟ್ಟನ್ನು ರೇಷ್ಮೆ ತೂಗುವ ತಕ್ಕಡಿಯ ಒಂದು ಪರಡಿಗೆ ಹಾಕಿ, ಇನ್ನೊಂದಕ್ಕೆ ಸಮನಾಗಿ ಸೀಸ ಹಾಕಿದಳು. ನಾನು ಅದನ್ನು ಹಿಟ್ಟು ಮೆತ್ತಿದ್ದ ಜಾಗದಲ್ಲೇ, ರಿಮ್ಮಿನ ಬುಡದ ಸ್ಪೋಕಿಗೆ ಸುತ್ತಿದೆ. ಆಕೆ ಮೇಲೆ ಕೆಂಪು ದಾರ ಬಿಗಿದಳು. "ನನ್ನವೆರಡು ರೊಟ್ಟಿ ನಿನ್ನ ಗಾಲಿ ತಿಂತು ನೋಡ" ಎಂದು ಬೈಯುವುದನ್ನೂ ಮರೆಯಲಿಲ್ಲ.

ಸಂಜೆ ಡಾಕ್ಟರು ಗಾಡಿ ಹತ್ತಿ ಹುನಗುಂದದ ಕಡೆ ಹೋದರು. ಅಪ್ಪ ಬಾಗಿಲಲ್ಲಿ ನಿಂತಿದ್ದ. ನನಗೆ ಕೂರಲಾಗಲಿಲ್ಲ. ಬಹಳ ಹೊತ್ತಿನ ಮೇಲೆ ಗಾಡಿಯ ಸದ್ದು ಕೇಳಿತು, ಹಿಂದೆಯೇ ಡಾಕ್ಟರರ ಕೂಗು.

"ತಮ್ಮಾ, ಎರಡೂ ಕೈ ಬಿಟ್ಟು ಬಂದೇನಿ!"

ಅಪ್ಪ ಬಾಗಿಲು ಬಿಟ್ಟು ಪಡಸಾಲೆಗೆ ಬಂದ. ಗಾಲಿ ಇಟ್ಟಿದ್ದ ಸ್ಟೂಲನ್ನು ಹೆಗಲ ವಸ್ತ್ರದಿಂದ ಒರೆಸಿ ಮುಂದಿಟ್ಟ. "ಕೂಡ್ರಿ ಸಾಹೇಬ್ರ, ಚಾ ತಗೊಂಡು ಹೋಗೀರಂತ. ನಮ್ಮ ಹುಡುಗನ ಅಂಗಡಿ ಇದು." ಮಗ್ಗದ ಮಾತು ಮತ್ತೆಂದೂ ಬರಲಿಲ್ಲ. ಮುಂದೆ ಆ ಗಾಡಿಯ ಟೈರು ಬದಲಿಸುವಾಗ ಸೀಸವನ್ನು ನಾನೇ ಬಿಚ್ಚಿಟ್ಟುಕೊಂಡೆ.

ಚಿಗವ್ವ ಹೋಗಿ ವರ್ಷಗಳೇ ಆದವು. ಕಟ್ಟೆ ಇದೆ, ರಾಟಿಯ ಸದ್ದಿಲ್ಲ... ನನ್ನ ಅಂಗಡಿಗೆ ಈಗ ಗಾಲಿ ತೂಗುವ ಮಿಷನ್ ಬಂದಿದೆ. ನಿನ್ನೆ ಆಕೆಯ ಮೊಮ್ಮಗಳು, ನವನಗರದ ಶಾಲೆಯಲ್ಲಿ ಕಲಿಸುವವಳು, ಸ್ಕೂಟರ್ ತಂದಿದ್ದಳು. ಮಿಷನ್ ಎಲ್ಲ ಸರಿ ಎಂದು ತೋರಿಸಿತು. ಆದರೂ ಗಾಲಿಯನ್ನು ಅಚ್ಚಿಗೆ ಹಾಕಿ, ಮೆಲ್ಲಗೆ ತಿರುಗಿಸಿ ಕೈ ಬಿಟ್ಟೆ.

"ಮತ್ತೇನ ನೋಡಾಕತ್ತೀರಿ ಕಾಕಾ?"

"ನಿಮ್ಮಜ್ಜಿ ಒಪ್ಪತಾಳೋ ಇಲ್ಲೋ ನೋಡಾಕತ್ತೇನಿ."

ಗಾಲಿ ಬಿಟ್ಟಲ್ಲೇ ನಿಂತಿತು.